ಹತ್ತು ನಿಮಿಷದ ಕೋಟು

ಸುಳ್ಯ, ಬಸ್‌ಸ್ಟ್ಯಾಂಡಿನ ಹೋಟೆಲು
೯-೧-೧೯೬೪, ಗುರುವಾರ

ಚಿ. ಸೌ. ಕುಮುದಿನಿಗೆ, ದೂರದಿಂದಲೇ ನಿನ್ನ ತಲೆ ನೇವರಿಸಿ ಅವ್ವ ಬರೆಯುವ ಕಾಗದ.

ನಾವು ಇಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ ಅಂತ ಮೊದಲು ಹಾಕಬೇಕು. ರಾಧಾಕೃಷ್ಣ ಮಾಸ್ಟ್ರು ಪ್ರತಿ ಸಲ ಹಾಗೆಯೇ ಹಾಕುತ್ತಿದ್ದರು. ಈ ಸಲ ಬರೆಯುತ್ತಿರುವುದು ಮಾಸ್ಟ್ರಲ್ಲ, ನಾನೇ. ಅಕ್ಷರ ನೋಡುವಾಗಲೇ ನಿನಗೆ ಗೊತ್ತಾಗಿರಬಹುದು. ಮೂರನೇ ಕ್ಲಾಸಿನಲ್ಲಿ ಬರೆಯುವುದು ಬಿಟ್ಟ ಕೈ. ತಪ್ಪಿದಲ್ಲಿ ನೀನೇ ಸರಿ ಮಾಡಿ ಓದಿಕೊ. ಅಳಿಯಂದಿರು ಎದುರಿಗೆ ಇದ್ದರೆ ಈಗ ಓದಬೇಡ, ಅಡುಗೆ ಕೋಣೆಗೆ ಹೋಗಿ ಓದು. ಒಲೆಯ ಹತ್ತಿರ ಮಾತ್ರ ಹಿಡಿಯಬೇಡ, ಕಾಗದ ತೆಳು.

ನಾನೇ ಯಾಕೆ ಬರೆದೆ ಅಂದರೆ, ನಿನ್ನ ಅಪ್ಪ ಹೇಳಿದರು. ಸೋಮವಾರ ನಿನ್ನ ಕಾಗದ ಬಂತು. ಮಾಸ್ಟ್ರು ಚಾ ಕುಡಿಯುತ್ತಾ ಓದಿ ಹೇಳಲಿಕ್ಕೆ ಶುರು ಮಾಡಿದರು. ಬೆಂಚಿನಲ್ಲಿ ಗಿರಾಕಿಗಳು ಇದ್ದರು. ಅರ್ಧಕ್ಕೆ ಬರುವಾಗ ಅವರ ಸ್ವರ ಸಣ್ಣದಾಯಿತು, ಮತ್ತೆ ನಿಂತಿತು. ಕಾಗದವನ್ನು ಮಡಚಿ ನನ್ನ ಕೈಗೆ ಕೊಟ್ಟು, "ಉಳಿದದ್ದು ನೀವೇ ಓದಿಕೊಳ್ಳಿ ಸೇವಂತಕ್ಕ, ಎಂತ ಬರೆಯಬೇಕು ಅಂತ ಸಂಜೆ ಹೇಳಿ" ಅಂದು ಎದ್ದು ಹೋದರು. ಚಾ ಅರ್ಧ ಗ್ಲಾಸು ಹಾಗೆಯೇ ಇತ್ತು. ನಾನು ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದೆ, ಎರಡು ದಿನ ಹಿಡಿಯಿತು. ಅಪ್ಪ ಎಂತ ಉಂಟು ಅಂತ ಕೇಳಲಿಲ್ಲ. "ಮಾಸ್ಟ್ರು ಬರೆದದ್ದು ಸಾಕು. ಇನ್ನು ನೀನೇ ಬರಿ" ಅಂದರು, ಅಷ್ಟೇ. ಶಾಯಿ ಕುಪ್ಪಿ ಅವರೇ ತಂದುಕೊಟ್ಟರು.

ಹೊಸ ವರ್ಷದ ಪಾರ್ಟಿಗೆ ಅಳಿಯಂದಿರು ನಿನ್ನನ್ನು ಬಿಟ್ಟು ಒಬ್ಬರೇ ಕ್ಲಬ್ಬಿಗೆ ಹೋದರು ಅಂತ ಬರೆದಿದ್ದಿ. ಮಳೆಗಾಲದ ಆಟಿ ತಿಂಗಳು ಕಳೆದು ನೀನು ಮಡಿಕೇರಿಗೆ ಹೋದ ದಿನದಿಂದ ಬೇರೆ ಹೊತ್ತಿನಲ್ಲಿ ಊಟ ಮಾಡುತ್ತಾರೆ ಅಂತ ಬರೆದಿದ್ದಿ. ಅಳಿಯಂದಿರ ಮ್ಯಾನೇಜರರ ಹೆಂಡತಿ ಪೇಟೆಯಲ್ಲಿ ಸಿಕ್ಕಿ "ನಿಮ್ಮ ಮರೂನ್ ಕೋಟು ಎಲ್ಲಿ, ಈ ಚಳಿಯಲ್ಲಿ ಶಾಲು ಹೊದ್ದುಕೊಂಡು ಬಂದಿದ್ದೀರಲ್ಲ" ಅಂದರಂತೆ. ಎಲ್ಲಕ್ಕಿಂತ ಕೊನೆಗೆ ಬರೆದದ್ದು, ನಿನ್ನ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ ಜಗಲಿಯಲ್ಲಿ ಇಟ್ಟಿದ್ದಾರೆ ಅಂತ. ಸಂಕ್ರಾಂತಿಯ ಮರುದಿನದ ಬಸ್ಸಿಗೆ ತವರಿಗೆ ಹೋಗು, ಕೋಟು ತೆಗೆದುಕೊಂಡು ಬಾ, ಕೋಟು ಇಲ್ಲದೆ ಬರಬೇಡ ಅಂತ ಹೇಳಿದ್ದಾರೆ ಅಂತ. ಅದರ ಕೆಳಗೆ ನೀನು, "ಅವ್ವಾ, ಆ ಕೋಟು ಒಂದು ಬಂದರೆ ಎಲ್ಲ ಮೊದಲಿನ ಹಾಗೆ ಆಗುತ್ತದೆ, ದಮ್ಮಯ್ಯ, ಬೇಗ ಕಳಿಸು" ಅಂತ ಬರೆದಿದ್ದಿ. ಆ ಒಂದು ಗೆರೆ ಓದಲಿಕ್ಕೆ ನನಗೆ ಕಷ್ಟವೇ ಆಗಲಿಲ್ಲ. ಓದಿದ ಮೇಲೆ ಕಷ್ಟ ಆದದ್ದು.

ಕೋಟು ಬರುವುದಿಲ್ಲ ಮಗಳೇ.

ಮಳೆ ಬಿಡಲಿ, ಒದ್ದೆಯಾದೀತು ಅಂತ ಒಂದು ಕಾಗದದಲ್ಲಿ ಬರೆಸಿದೆ. ಹೈದರ್ ಟೈಲರನ ಹತ್ತಿರ ಗುಬ್ಬಿ, ನೀನೀಗ ಬಟನ್ ಅನ್ನುತ್ತೀಯಲ್ಲ ಅದು, ಹೊಲಿಸಲಿಕ್ಕೆ ಕೊಟ್ಟಿದ್ದೇನೆ ಅಂತ ಇನ್ನೊಂದರಲ್ಲಿ. ಬಸ್ಸಿನಲ್ಲಿ ಕಳಿಸಲಿಕ್ಕೆ ನಂಬಿಗಸ್ತರು ಸಿಗುವುದಿಲ್ಲ ಅಂತ ಮತ್ತೊಂದರಲ್ಲಿ. ಮಡಿಕೇರಿ ಬಸ್ಸಿನ ಕಂಡಕ್ಟರು ದಿನಾ ಎರಡು ಸಲ ನಮ್ಮಲ್ಲೇ ಚಾ ಕುಡಿಯುವುದು, ಅದು ನಿನಗೂ ಗೊತ್ತುಂಟು. ನೀನು ನಂಬಿದೆಯೋ, ನಂಬಿದ ಹಾಗೆ ಮಾಡಿದೆಯೋ ಅಂತ ನನಗೆ ಹೆದರಿಕೆ. ಹಾಗಾಗಿ ಈಗ ಮೊದಲಿನಿಂದ ಬರೆಯುತ್ತೇನೆ. ನಿನಗೆ ಗೊತ್ತಿದ್ದದ್ದು ಕೂಡ ಬರುತ್ತದೆ. ಒಂದಾದ ಮೇಲೆ ಒಂದು ಅಂತ ಹೋಗದಿದ್ದರೆ ನನ್ನ ಕೈ ಮುಂದೆ ಹೋಗುವುದಿಲ್ಲ.

ಹೋದ ಬೇಸಗೆಯಲ್ಲಿ, ಪಗ್ಗು ತಿಂಗಳಿಗೆ ಮೊದಲೇ, ನೀನು ಹೆರಿಗೆಗೆ ಬರುವುದು ಅಂತ ಆದಾಗ, ಬರುವಾಗ ಕೋಟು ತಾ ಅಂತ ಮಾಸ್ಟ್ರ ಕೈಯಲ್ಲಿ ಬರೆಸಿದ್ದು ನಾನು. ಅಳಿಯಂದಿರು ಬೆಂಗಳೂರಿನ ದಂಡಿನ ಅಂಗಡಿಯಿಂದ ತರಿಸಿದ್ದು, ಇಂಗ್ಲಿಷು ಪತ್ರಿಕೆಯ ಚಿತ್ರ ತೋರಿಸಿ ಅದೇ ಬೇಕು ಅಂತ ಹೇಳಿ ತರಿಸಿದ್ದು ಅಂತ ನೀನು ಬರೆದಿದ್ದಿ. ಹೋದ ವರ್ಷ ಗಿಡ್ಡ ಇತ್ತು, ಈ ವರ್ಷ ಎಲ್ಲರೂ ಉದ್ದದ್ದು ಹಾಕುವುದು, ಗಿಡ್ಡ ಹಾಕಿಕೊಂಡು ಹೋದರೆ ಕ್ಲಬ್ಬಿನಲ್ಲಿ ಮಾತಾಡಿಸುವುದಿಲ್ಲ ಅಂತಲೂ ಬರೆದಿದ್ದಿ. ವರ್ಷಕ್ಕೊಂದು ಅಳತೆ ಯಾಕೆ ಅಂತ ನನಗೆ ಅರ್ಥ ಆಗಲಿಲ್ಲ. ಆದರೂ ಅದನ್ನು ಒಮ್ಮೆ ನೋಡಬೇಕು, ನಾನು ನೋಡುವುದಕ್ಕಿಂತ ಹೆಚ್ಚು ಇಲ್ಲಿಯವರು ನೋಡಬೇಕು ಅಂತ ಆಯಿತು.

ನೀನು ಬಸ್ಸಿನಿಂದ ಇಳಿದದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗೆ ಉಂಟು. ಘಟ್ಟದ ಮೇಲೆ ಚಳಿ ಅಂತ ಹಾಕಿಕೊಂಡದ್ದು, ಸಂಪಾಜೆ ದಾಟಿದ ಮೇಲೂ ತೆಗೆದಿರಲಿಲ್ಲ, ನಾನು ಬರೆಸಿದ್ದೆನಲ್ಲ ಹಾಕಿಕೊಂಡೇ ಇಳಿ ಅಂತ. ಮೊಣಕಾಲು ದಾಟುವ ಮರೂನು, ಕುತ್ತಿಗೆಗೆ ಎತ್ತಿ ನಿಲ್ಲಿಸುವ ಅಗಲದ ಪಟ್ಟಿ, ಬೆಳ್ಳಿ ರೂಪಾಯಿಯಷ್ಟು ದೊಡ್ಡ ಕಪ್ಪು ಗುಬ್ಬಿ ಐದು, ಒಳಗೆ ಬೆಣ್ಣೆಯ ಹಾಗೆ ಜಾರುವ ಹಳದಿ ಬಟ್ಟೆ. ನಿನ್ನ ಹಣೆಯಿಂದ ಬೆವರು ಇಳಿಯುತ್ತಿತ್ತು. ವೆಂಕಪ್ಪಣ್ಣ ಬೆಂಚಿನಿಂದಲೇ, "ಸೇವಂತಕ್ಕ, ಮಡಿಕೇರಿಯಿಂದ ಕರಡಿ ಇಳಿಯಿತಲ್ಲ!" ಅಂದ. ಎಲ್ಲರೂ ನಕ್ಕರು. ನೀನೂ ನಕ್ಕೆ. ಅವನು ಎದ್ದು ಬಂದು ಮುಟ್ಟಲಿಕ್ಕೆ ನೋಡಿದಾಗ ಅಪ್ಪ, "ಕೈ ತೆಗಿ ಮಾರಾಯ, ಗೋಳಿಬಜೆಯ ಎಣ್ಣೆ ಉಂಟು" ಅಂತ ಗದರಿದರು. ನಾನು ಅದನ್ನು ಮೂರು ದಿನ ಹೋಟೆಲಿನಲ್ಲಿ ಹಣ ಇಡುವ ಗಲ್ಲೆಯ ಹಿಂದೆ ಮೊಳೆಗೆ ತೂಗುಹಾಕಿದೆ. ಗಾಳಿ ಆಡಲಿ ಅಂತ ಹೇಳಿದ್ದು ಸುಳ್ಳು. ಎಲ್ಲರೂ ನೋಡಲಿ ಅಂತ.

ನೋಡಿದರು. ಹೈದರ್ ಬಂದು ಒಳಗೆ ಹೊರಗೆ ಮಗುಚಿ ನೋಡಿ, ಹೊಲಿಗೆಯ ಮೇಲೆ ಬೆರಳಾಡಿಸಿ, "ಇದು ಕೈಯಲ್ಲ ಅಕ್ಕ, ಮೆಷೀನು. ಮೆಷೀನಿಗೆ ಇಷ್ಟು ತಾಳ್ಮೆ ಉಂಟು ಅಂತ ನನಗೆ ಗೊತ್ತಿರಲಿಲ್ಲ" ಅಂದ. ಅವನ ಹೆಂಡತಿ ನೆಬೀಸ ಒಳಬಟ್ಟೆಯನ್ನು ಕೆನ್ನೆಗೆ ಒತ್ತಿ ನೋಡಿದಳು. ಒಂದು ತಿಂಗಳಲ್ಲಿ ಹೈದರನಿಗೆ ಅದೇ ಮಾದರಿಯಲ್ಲಿ ಮೂರು ಕೋಟು ಹೊಲಿಯಲಿಕ್ಕೆ ಬಂತು, ಗೊತ್ತುಂಟಾ? ಒಂದು ಖಾಕಿ ಬಟ್ಟೆಯದ್ದು, ಎರಡು ಬಾಗಿಲ ಪರದೆಯ ಬಟ್ಟೆಯದ್ದು. ಜಾಲ್ಸೂರಿನಿಂದ ಒಂದು ಹುಡುಗಿ ಪರದೆಯ ಕೋಟು ಹಾಕಿಕೊಂಡು ನಡುಮಧ್ಯಾಹ್ನ ಬಸ್ಸಿಗೆ ಕಾದು ನಿಂತಿದ್ದಳು, ಪಾಪ, ಮುಖ ಬೆಂದು ಹೋಗಿತ್ತು. ನಾನು ಅವಳನ್ನು ನೋಡಿ ನಕ್ಕೆ. ನಕ್ಕದ್ದು ಈಗ ನೆನಪಾಗುತ್ತದೆ.

ಬಟ್ಟೆ ಅಂದರೆ ನನಗೆ ಯಾಕೆ ಅಷ್ಟು ಅಂತ ನಿನಗೆ ನಾನು ಹೇಳಿಲ್ಲ. ಮೂರನೇ ಕ್ಲಾಸಿನಲ್ಲಿ ನನಗೆ ಇದ್ದದ್ದು ಒಂದೇ ಲಂಗ. ಅದನ್ನು ಒಗೆದ ದಿನ ಶಾಲೆ ಇಲ್ಲ. ಮಳೆಗಾಲದಲ್ಲಿ ಒಣಗಲಿಕ್ಕೆ ಮೂರು ದಿನ, ಮೂರು ದಿನ ಶಾಲೆ ಇಲ್ಲ. ಒಂದು ಸಲ ಒದ್ದೆಯಲ್ಲೇ ಹೋದೆ. ಕೂತ ಮಣೆ ಒದ್ದೆಯಾಯಿತು. ಮಕ್ಕಳು ಎಂತ ಹೇಳಿದರು ಅಂತ ನೀನೇ ಗ್ರಹಿಸಿಕೊ. ಮತ್ತೆ ನಾನು ಹೋಗಲೇ ಇಲ್ಲ, ಯಾರೂ ಕರೆಯಲಿಕ್ಕೂ ಬರಲಿಲ್ಲ. ಅಷ್ಟೇ ನನ್ನ ಓದು.

ಮೂರು ಬಸ್ಸು ಹೋಯಿತು, ನಾನು ಇನ್ನೂ ಇಲ್ಲೇ ಇದ್ದೇನೆ. ಅಪ್ಪ ಒಬ್ಬರೇ ಗ್ಲಾಸು ತೊಳೆಯುತ್ತಾ ಇದ್ದಾರೆ. ಹಾಲು ಉಕ್ಕಿತೋ ಎಂತದೋ, ವಾಸನೆ ಬರುತ್ತಾ ಉಂಟು. ಇರಲಿ.

ಮದುವೆಯ ದಿನದ್ದು ಬರೆಯಬೇಕು. ನಿನ್ನ ಅಪ್ಪನ ತಂಗಿ ದಮಯಂತಿಯ ಮಗಳ ಮದುವೆ ಪುತ್ತೂರಿನಲ್ಲಿ. ನಿನಗೆ ಏಳು ತಿಂಗಳು ತುಂಬಿತ್ತು. ಹೋಗುವುದು ಬೇಡ ಅಂತ ಅಪ್ಪ ಹೇಳಿದರು. ನಾನು ಹಟ ಹಿಡಿದೆ. ನಿನ್ನ ಮದುವೆಯಲ್ಲಿ ದಮಯಂತಿ ಪಂಕ್ತಿಯಲ್ಲಿ ಕೂತು ಎಲ್ಲರಿಗೂ ಕೇಳುವ ಹಾಗೆ, "ಸೇವಂತಿ ಅತ್ತಿಗೆ ಬರುವುದಕ್ಕೆ ಮೊದಲು ಹೊಗೆ ಬರುತ್ತದೆ, ಮತ್ತೆ ಅವರು ಬರುತ್ತಾರೆ" ಅಂದದ್ದು ನಿನಗೆ ನೆನಪಿರಬಹುದು. ನಾನು ಆ ದಿನ ನಕ್ಕುಬಿಟ್ಟೆ. ಮನೆಗೆ ಬಂದು ಆ ಸೀರೆಯನ್ನು ಮೂಸಿ ಮೂಸಿ ನೋಡಿದೆ. ಹೌದು, ಹೊಗೆ ಇತ್ತು. ಒಲೆಯ ಎದುರು ಇಪ್ಪತ್ತು ವರ್ಷ ನಿಂತವಳ ಸೀರೆಗೆ ಮಲ್ಲಿಗೆ ವಾಸನೆ ಎಲ್ಲಿಂದ ಬರಬೇಕು?

ಕೋಟನ್ನು ಚೀಲಕ್ಕೆ ಹಾಕಿದ್ದು ನಾನು. ಪುತ್ತೂರಿನಲ್ಲಿ ಬಸ್ಸು ಇಳಿದು ಚಪ್ಪರದ ಬಾಗಿಲಿಗೆ ಬಂದಾಗ ತೆಗೆದುಕೊಟ್ಟೆ. ನೀನು, "ಬೇಡ ಅವ್ವಾ, ಉಸಿರು ಕಟ್ಟುತ್ತದೆ, ಇದು ಚಳಿಗೆ ಹಾಕುವುದು" ಅಂದೆ. ನಾನು, "ಹತ್ತು ನಿಮಿಷ ಹಾಕು. ದಮಯಂತಿ ಒಮ್ಮೆ ನೋಡಿದ ಮೇಲೆ ತೆಗೆದುಬಿಡು" ಅಂದೆ. ನೀನು ಹಾಕಿಕೊಂಡೆ. ನನ್ನ ಮಾತು ಯಾವಾಗ ತೆಗೆದು ಹಾಕಿದ್ದಿ ನೀನು.

ದಮಯಂತಿ ಹೊರಗೆ ಬರಲಿಲ್ಲ. ಮಗಳ ಮದುವೆ, ಅವಳಿಗೆ ಒಳಗೆ ಸಾವಿರ ಕೆಲಸ. ಈಗ ಬರುತ್ತಾಳೆ, ಈಗ ಬರುತ್ತಾಳೆ ಅಂತ ನಾನು ಬಾಗಿಲನ್ನೇ ನೋಡುತ್ತಾ ಇದ್ದೆ. ನೈಲಾನು ಸೀರೆಯವರು, ಕಪ್ಪು ಕನ್ನಡಕದವರು ಬಂದು ನಿನ್ನ ಕೋಟು ಮುಟ್ಟಿ ನೋಡಿದರು, ಎಲ್ಲಿಯದು ಅಂತ ಕೇಳಿದರು, ನಾನು ಬೆಂಗಳೂರಿನದ್ದು ಅಂತ ಹೇಳಿದೆ, ಎಷ್ಟು ಸಲ ಹೇಳಿದೆ ಅಂತ ಲೆಕ್ಕ ಇಲ್ಲ. ನಡುವೆ ನೀನು ಎರಡು ಸಲ ನನ್ನ ಮುಖ ನೋಡಿದೆ. ನಾನು ಇನ್ನು ಸ್ವಲ್ಪ ಅಂತ ಕಣ್ಣಲ್ಲೇ ಹೇಳಿದೆ. ಧಾರೆ ಮುಗಿಯಿತು. ಊಟಕ್ಕೆ ಎದ್ದು ಕೈ ತೊಳೆಯುವಲ್ಲಿಗೆ ಹೋದೆ ನೀನು. ಅಲ್ಲಿ ಬಿದ್ದೆ.

ಆಗ ಎಲ್ಲರಿಗಿಂತ ಮೊದಲು ಓಡಿ ಬಂದದ್ದು ದಮಯಂತಿ. ಐದೂ ಗುಬ್ಬಿ ಬಿಚ್ಚಿದ್ದು ಅವಳೇ. ತಣ್ಣೀರು ತಟ್ಟಿ, ಬೀಸಿ, ತನ್ನ ಮಗಳ ಮದುವೆಯ ಕಾರಿನಲ್ಲೇ ನಮ್ಮನ್ನು ಸುಳ್ಯಕ್ಕೆ ಕಳಿಸಿದಳು. ಕೋಟನ್ನು ಮಡಚಿ ನನ್ನ ಮಡಿಲಿಗೆ ಇಟ್ಟು, "ಒಳ್ಳೆ ಕೋಟು ಅತ್ತಿಗೆ" ಅಂದಳು. ಅದರಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ನನಗೆ ಒಳ್ಳೆಯದಿತ್ತು.

ಮರುದಿನ ಬೆಳಿಗ್ಗೆ, ಆಸ್ಪತ್ರೆಗೆ ಅಂತ ಪುನಃ ಕಾರಿಗೆ ಹೇಳಿ ಕಳಿಸುವಷ್ಟರಲ್ಲಿ, ಅವನು ಹುಟ್ಟಿಯೇ ಬಿಟ್ಟ. ನಿನಗೆ ಜ್ವರ ಏರಿತ್ತು, ಈ ಮುಂದಿನದ್ದು ನಿನಗೆ ಗೊತ್ತಿರಲಿಕ್ಕಿಲ್ಲ. ಹೆರಿಗೆಗೆ ಬಂದ ಅಜ್ಜಿ ಮಗುವನ್ನು ನೋಡಿ, "ಬೆಚ್ಚಗೆ ಇಡಬೇಕು, ಕಂಬಳಿ ಉಂಟಾ" ಅಂತ ಕೇಳಿತು. ನಮ್ಮ ಊರಿನಲ್ಲಿ ಪಗ್ಗು ತಿಂಗಳಲ್ಲಿ ಕಂಬಳಿ ಯಾರ ಮನೆಯಲ್ಲಿ ಇರುತ್ತದೆ? ನಾನು ಕೋಟು ತಂದುಕೊಟ್ಟೆ. ಹಳದಿ ಬಟ್ಟೆ ಒಳಗೆ ಬರುವ ಹಾಗೆ ಅವನನ್ನು ಸುತ್ತಿ, ಒಂದೇ ಗುಬ್ಬಿ ಹಾಕಿದೆವು. ಒಂದು ಹಗಲು, ಒಂದು ರಾತ್ರಿ, ಇನ್ನೊಂದು ಅರ್ಧ ಹಗಲು ಅವನು ಅದರೊಳಗೆ ಇದ್ದ. ಮುಖ ಮಾತ್ರ ಕಾಣುತ್ತಿತ್ತು. ಅವನಿಗೆ ನಿನ್ನ ಗಲ್ಲ, ಮಗಳೇ. ಇದನ್ನು ಕೂಡ ನಾನು ನಿನಗೆ ಹೇಳಿರಲಿಲ್ಲ, ಯಾರೂ ಹೇಳಿರಲಿಲ್ಲ.

ಮೂರನೆಯ ದಿನ ತಂತಿ ಸಿಕ್ಕಿ ಅಳಿಯಂದಿರು ಬಂದರು. ಬಾಣಂತಿ ಕೋಣೆಗೆ ಗಂಡಸರು ಹೋಗುವ ಕ್ರಮ ಇಲ್ಲವಲ್ಲ, ಹೆರಿಗೆಯ ಮೈಲಿಗೆ, ಅಮೆ, ಅದರ ಮೇಲೆ ಸಾವಿನ ಸೂತಕ. ನಿನ್ನನ್ನು ನೋಡದೆಯೇ ಮಧ್ಯಾಹ್ನದ ಬಸ್ಸಿಗೆ ಹೋದರು. ಆ ಹೊತ್ತಿನಲ್ಲಿ ಅವರು ಎಂತ ಕೇಳಿದರು, ನಾನು ಎಂತ ಹೇಳಿದೆ ಅಂತ ನನಗೆ ನೆನಪಿಲ್ಲ. ಅಷ್ಟು ದೊಡ್ಡ ಸಂಕಟದಲ್ಲಿ ಯಾರಿಗೆ ನೆನಪಿರುತ್ತದೆ.

ಇನ್ನು ಕೋಟಿನದ್ದು. ಸೂತಕ ಕಳೆಯುವ ದಿನ ಮನೆಯ ಬಟ್ಟೆ ಎಲ್ಲ ಮಡಿವಾಳ್ತಿ ಪೊನ್ನಕ್ಕ ಒಯ್ದು ಬೂದಿ ನೀರಿನಲ್ಲಿ ಬೇಯಿಸಿ ಒಗೆದು ತರಬೇಕು. ಚಾಪೆಯಿಂದ ಹಿಡಿದು ಎಲ್ಲ ಕಟ್ಟಿದಳು, ಕೋಟನ್ನು ಮಾತ್ರ ಬದಿಗೆ ಇಟ್ಟಳು. "ಇದು ರೋಮದ್ದು ಸೇವಂತಕ್ಕ. ಕಂಬಳಿಗೂ ಪಟ್ಟೆ ಸೀರೆಗೂ ಮೈಲಿಗೆ ಇಲ್ಲ. ಎರಡು ದಿನ ಬಿಸಿಲಿಗೆ ಹಾಕಿ, ಸಾಕು" ಅಂದಳು. ನನಗೆ ಸಮಾಧಾನ ಆಗಲಿಲ್ಲ. ಅವಳಿಗೆ ಎಂತ ಗೊತ್ತು, ಕಂಬಳಿ ಬೇರೆ, ಬೆಂಗಳೂರಿನ ಕೋಟು ಬೇರೆ ಅಂತ ಅನಿಸಿತು. ಮಗು ಹೋದದ್ದು ಅದರೊಳಗೆ. ಅದನ್ನು ನೀನು ಪುನಃ ಮೈಗೆ ಹಾಕಿದರೆ, ಮುಂದೆ ನಿನ್ನ ಹೊಟ್ಟೆಯಲ್ಲಿ ಇನ್ನೊಂದು ಬಂದಾಗ ಏನಾದರೂ ಆದರೆ ಅಂತ ಹೆದರಿದೆ. ಒಯ್ಯಲೇಬೇಕು ಅಂದೆ. ಅವಳು, "ನನ್ನ ಕೈಯಿಂದ ಆಗುವುದಿಲ್ಲ, ಹಾಳಾದರೆ ನನ್ನ ತಲೆಗೆ ಬರುತ್ತದೆ" ಅಂತ ಹೇಳಿ ಉಳಿದದ್ದನ್ನು ಹೊತ್ತುಕೊಂಡು ಹೋದಳು.

ಹಾಗಾಗಿ ನಾನೇ ಬೇಯಿಸಿದೆ. ಸ್ನಾನದ ಹಂಡೆಯಲ್ಲಿ ಬೂದಿ ನೀರು ಕುದಿಸಿ, ಕೋಟು ಮುಳುಗಿಸಿ, ಕೋಲಿನಿಂದ ಒತ್ತಿ ಒತ್ತಿ, ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೆ. ಮತ್ತೆ ಕಲ್ಲಿಗೆ ಬಡಿದೆ. ಬಡಿಯುವಾಗ ನನಗೆ ಅದರ ಮೇಲೆ ಸಿಟ್ಟು ಬಂದಿತ್ತು ಅಂತ ಈಗ ಬರೆಯುತ್ತೇನೆ. ಮಡಿ ಮಾಡಲಿಕ್ಕೆ ಅಷ್ಟು ಬಡಿಯುವುದು ಬೇಕಾಗಿರಲಿಲ್ಲ.

ಒಣಗಿದ ಮೇಲೆ ನೋಡಿದರೆ ಅದು ಕೋಟೇ ಅಲ್ಲ. ರೋಮ ಎಲ್ಲ ಒಂದಕ್ಕೊಂದು ಹಿಡಿದು ಸೆಟೆದು ಹೋಗಿತ್ತು, ಚಪ್ಪಲಿಯ ತೊಗಲಿನಷ್ಟು ದಪ್ಪ. ತೋಳು ಒಂದು ಗೇಣು. ಒಳಗಿನ ಹಳದಿ ಬಟ್ಟೆ ಮಾತ್ರ ಕುಗ್ಗದೆ ಕೆಳಗೆ ಜೋತುಬಿದ್ದಿತ್ತು. ಗುಬ್ಬಿಗಳು ಕೂಡ ಹಾಗೆಯೇ ದೊಡ್ಡದಾಗಿ ಇದ್ದವು. ಅದನ್ನು ಈಗ ಹಾಕುವುದಾದರೆ ಎರಡು ವರ್ಷದ ಮಗುವಿಗೆ ಹಾಕಬಹುದು.

ಹೈದರನಿಗೆ ಗುಟ್ಟಿನಲ್ಲಿ ತೋರಿಸಿದೆ. ಅವನು ಎರಡು ಬದಿ ಹಿಡಿದು ಎಳೆದು ನೋಡಿದ. "ಅಕ್ಕ, ಹರಿದದ್ದನ್ನು ಹೊಲಿಯಬಹುದು, ದೊಡ್ಡದನ್ನು ಚಿಕ್ಕದು ಮಾಡಬಹುದು. ಇದಕ್ಕೆ ನನ್ನ ಹತ್ತಿರ ಮದ್ದಿಲ್ಲ" ಅಂದ. ನೆಬೀಸ ಅದನ್ನು ನೋಡಿ ಒಳಗೆ ಹೋದಳು. ನೀನು ಮಡಿಕೇರಿಗೆ ಹೊರಟ ದಿನ ಕೋಟು ಕೇಳಿದಾಗ ಅದು ನನ್ನ ಪೆಟ್ಟಿಗೆಯ ಅಡಿಯಲ್ಲಿ ಇತ್ತು. ನೀನು ಆ ಪೆಟ್ಟಿಗೆಯ ಮೇಲೆಯೇ ಕೂತು ಜಡೆ ಹಾಕಿಕೊಂಡೆ.

ಅದೇ ತರದ್ದು ಇನ್ನೊಂದು ತರಿಸುವುದು ಅಂತ ಹೈದರನ ಕೈಯಿಂದ ಬೆಂಗಳೂರಿನ ಅಂಗಡಿಗೆ ಬರೆಸಿದೆ. ಹಣಕ್ಕೆ ಎಂತ ಮಾಡುವುದು ಅಂತ ಯೋಚಿಸಿರಲಿಲ್ಲ, ಸುಮ್ಮನೆ ಬರೆಸಿದೆ. ಮೊನ್ನೆ ಮೊನ್ನೆ ಉತ್ತರ ಬಂತು. ಆ ಮಾದರಿ ಈಗ ತಯಾರಿಸುವುದಿಲ್ಲ, ಈ ವರ್ಷ ಬೇರೆ ಬಂದಿದೆ ಅಂತ. ನಿನ್ನೆ ಮಡಿಕೇರಿ ಬಸ್ಸಿನಿಂದ ಇಬ್ಬರು ಹೆಂಗಸರು ಇಳಿದು ಚಾ ಕುಡಿದರು. ಇಬ್ಬರದ್ದೂ ಸೊಂಟದವರೆಗಿನ ಕೋಟು, ಬೂದು ಬಣ್ಣ, ಗುಬ್ಬಿಯೇ ಇಲ್ಲ, ಜಿಪ್ಪು. ಉದ್ದದ್ದು ಹಾಕುವುದಿಲ್ಲವಾ ಅಂತ ನಾನು ಕೇಳಿಯೇ ಬಿಟ್ಟೆ. ಒಬ್ಬಳು ನಗುತ್ತಾ, "ಅದು ಹೋದ ವರ್ಷದ್ದು ಅಲ್ಲವಾ, ಈಗ ಅದನ್ನು ಆಳುಗಳಿಗೆ ಕೊಟ್ಟಾಯಿತು" ಅಂದಳು.

ಆ ಮಾತು ಕೇಳಿದ ಮೇಲೆ ನನಗೆ ನಿಂತಲ್ಲಿ ನಿಲ್ಲಲಿಕ್ಕೆ ಆಗಲಿಲ್ಲ. ಈ ವರ್ಷ ಯಾರೂ ಹಾಕದ ಕೋಟಿಗೆ ಅಳಿಯಂದಿರು ಯಾಕೆ ಅಷ್ಟು ಹಟ ಮಾಡುತ್ತಾರೆ? ಕ್ಲಬ್ಬಿನ ವಿಷಯ ಅವರಿಗೆ ನಿನಗಿಂತ ಹೆಚ್ಚು ಗೊತ್ತಿರುವುದಿಲ್ಲವಾ? ಮ್ಯಾನೇಜರರ ಹೆಂಡತಿ ಕೇಳಿದ್ದು ಕೂಡ ಕುಹಕಕ್ಕೆ ಇರಬಹುದು, ನಿನಗೆ ತಿಳಿಯದೆ ಹೋಗಿರಬಹುದು. ನನಗೂ ಹೆಚ್ಚು ತಿಳಿಯುವುದಿಲ್ಲ. ನಾನು ಓದಿದವಳಲ್ಲ.

ಕೋಟು ಹಾಳು ಮಾಡಿದ್ದು ನಾನು ಅಂತ ಅಳಿಯಂದಿರಿಗೆ ಹೇಳು. ಕಾಲಿಗೆ ಬೀಳುತ್ತೇನೆ ಅಂತ ಹೇಳು. ನೀರು ಕಾಯಿಸಿಯೇ ಕುಡಿ. ಅವರು ಊಟ ಮಾಡದೆ ಎದ್ದರೂ ನೀನು ಊಟ ಬಿಡಬೇಡ. ಪೆಟ್ಟಿಗೆ ಜಗಲಿಯಲ್ಲಿ ಇದ್ದರೆ ಇರಲಿ, ನೀನಾಗಿ ಅದಕ್ಕೆ ಬಟ್ಟೆ ತುಂಬಬೇಡ. ಇದರಿಂದ ಎಂತದೂ ಆಗುವುದಿಲ್ಲ ಅಂತ ನನಗೆ ಗೊತ್ತುಂಟು, ಆದರೂ ಬರೆಯುತ್ತೇನೆ.

ಯಾವಾಗಲೂ ನಿನ್ನದೇ ಚಿಂತೆಯಲ್ಲಿರುವ,
ನಿನ್ನ ಅವ್ವ
ಸೇವಂತಿ

ತಾ.ಕ.: ಮಡಚಿ ಅನ್ನದ ಅಂಟು ಹಾಕಿ ಆಗಿತ್ತು. ಪುನಃ ಬಿಚ್ಚಿದೆ, ಹಾಗಾಗಿ ಬದಿ ಹರಿದಿದೆ, ದಾರಿಯಲ್ಲಿ ಯಾರೋ ಓದಿದ್ದು ಅಂತ ಗ್ರಹಿಸಬೇಡ.

ನೆನಪಿಲ್ಲ ಅಂತ ಮೇಲೆ ಬರೆದದ್ದು ಸುಳ್ಳು. ಆ ದಿನ ಅಳಿಯಂದಿರು ಕೂತುಕೊಳ್ಳಲೂ ಇಲ್ಲ. ಹೋಟೆಲಿನ ಗೋಡೆಗೆ ಒರಗಿ ನಿಂತು, "ಈ ಸೆಕೆಯಲ್ಲಿ ಅವಳಿಗೆ ಕೋಟು ಹಾಕಿಸಿದ್ದು ಯಾರು?" ಅಂತ ಕೇಳಿದರು. ಅವರ ತಾಯಿಯೂ ಜೊತೆಯಲ್ಲಿ ಇದ್ದರು, ಬೆಂಚಿನಲ್ಲಿ ಜನ ಇದ್ದರು. ನಾನು, "ನಾನು ಬೇಡ ಬೇಡ ಅಂತ ಹೇಳಿದೆ. ಕೇಳಲಿಲ್ಲ. ಹಟ ಮಾಡಿ ಹಾಕಿದಳು" ಅಂದೆ. ಕೋಟನ್ನು ಚೀಲಕ್ಕೆ ಹಾಕಿದ್ದು ನಾನು ಅಂತ ನಿನ್ನ ಅಪ್ಪನಿಗೆ ಗೊತ್ತಿತ್ತು. ಅವರು ತೊಳೆಯುತ್ತಿದ್ದ ಗ್ಲಾಸನ್ನು ಕೆಳಗೆ ಇಟ್ಟರು, ನನ್ನ ಮುಖ ನೋಡಿದರು, ಪುನಃ ತೊಳೆಯಲಿಕ್ಕೆ ಶುರು ಮಾಡಿದರು. ಅಳಿಯಂದಿರು ಹಿಂದೆ ಇರುವ ನಿನ್ನ ಕೋಣೆಯ ಮುಚ್ಚಿದ ಬಾಗಿಲನ್ನು ಒಮ್ಮೆ ನೋಡಿ ಬಸ್ಸಿಗೆ ಹೋದರು. ನೀನು ಒಳಗೆ ಜ್ವರದಲ್ಲಿ ಅವರ ಹೆಸರು ಹಿಡಿದು ಕರೆಯುತ್ತಿದ್ದೆ. ಅವರು ಒಂಬತ್ತು ತಿಂಗಳಿಂದ ಉಣ್ಣುತ್ತಿರುವುದು ನನ್ನ ಆ ಮಾತನ್ನು. ಕೋಟು ತಾ ಅನ್ನುವುದು, ಬರಬೇಡ ಅನ್ನಲಿಕ್ಕೆ ಅವರು ಹುಡುಕಿಕೊಂಡ ನೆವ.

ಈ ಕೊನೆಯದನ್ನು ಅಪ್ಪನಿಗೆ ಓದಿ ಹೇಳಿದೆ. ಅವರು, "ಈಗ ಬರೆದರೆ ಮಗಳನ್ನು ಉಳಿಸಲಿಕ್ಕೆ ಅವ್ವ ಸುಳ್ಳು ಬರೆದಳು ಅಂತ ಆಗುತ್ತದೆ. ಆ ದಿನವೇ ನಾನಾದರೂ ಬಾಯಿ ಬಿಡಬೇಕಿತ್ತು" ಅಂದರು. ದಮಯಂತಿಯನ್ನು ಕೇಳಲಿ ಅಂತ ಬರೆಯೋಣ ಅಂದರೆ, ನಾನು ನಿನಗೆ ಹೇಳಿದ್ದನ್ನು ಅವಳು ಕೇಳಿಲ್ಲ. ಅವಳು ಆಗ ಹೊರಗೆ ಬಂದೇ ಇರಲಿಲ್ಲವಲ್ಲ. ಚಪ್ಪರದ ಬಾಗಿಲಿನಲ್ಲಿ ಇದ್ದದ್ದು ನಾವಿಬ್ಬರೇ.

ಆದರೂ ಈ ಕಾಗದ ಅಳಿಯಂದಿರಿಗೆ ತೋರಿಸು. ಸಂಕ್ರಾಂತಿಯ ಮರುದಿನ ಮಡಿಕೇರಿ ಬಸ್ಸು ಬರುವ ಹೊತ್ತಿಗೆ ನಾನು ರಸ್ತೆಯ ಬದಿಯಲ್ಲಿ ನಿಂತಿರುತ್ತೇನೆ. ಬೆಳಿಗ್ಗೆ ಘಟ್ಟದಲ್ಲಿ ತುಂಬ ಚಳಿ. ನಿನ್ನ ಹಳೆಯ ಶಾಲು ಹೊದ್ದುಕೊಂಡೇ ಬಾ.